ವಾಟ್ಸಾಪ್‌ನಲ್ಲಿ ಬಂದ 20 ಪ್ರಶ್ನೆ

ಮಂಡ್ಯದಲ್ಲಿ ನನ್ನ ತಂಗಿ ಮಗು ಹೋಗುವ ಪ್ಲೇ ಹೋಮ್‌ನವರು ಪೋಷಕರ ಗ್ರೂಪಿಗೆ ಒಂದು ಫಾರಂ ಹಾಕಿದ್ದಾರೆ. 20 ಪ್ರಶ್ನೆ, ಹೌದು ಅಥವಾ ಇಲ್ಲ. ತಂಗಿ ಟಿಕ್ ಹಾಕಿ, ಅನುಮಾನದ ಉತ್ತರ ಎಷ್ಟು ಅಂತ ಲೆಕ್ಕ ಮಾಡಿದಳು. 4 ಬಂತು. ಸಂಜೆಯೊಳಗೆ ಮಗುವಿಗೆ ಆಟಿಸಂ ಅಂತೆ ಅಂತ ಬೀಗರ ಮನೆವರೆಗೂ ಸುದ್ದಿ ಹೋಗಿತ್ತು!

ಅದು ಎಂ-ಚಾಟ್ ಅನ್ನುವ ಪಟ್ಟಿ, ಆಟಿಸಂ ಇರಬಹುದಾ ಅಂತ ಮೊದಲು ಜರಡಿ ಹಿಡಿಯುವುದಕ್ಕೆ ಅಷ್ಟೇ. 16ರಿಂದ 30 ತಿಂಗಳ ಮಕ್ಕಳಿಗೆ ಮಾಡಿದ್ದು. 8 ಅಥವಾ ಜಾಸ್ತಿ ಬಂದರೆ ನೇರವಾಗಿ ತಜ್ಞರ ಹತ್ತಿರ ಕಳಿಸಬೇಕು. 3ರಿಂದ 7ರೊಳಗೆ ಬಂದರೆ ಗೊತ್ತಿರುವವರು ಅಮ್ಮನ ಜೊತೆ ಕೂತು, ಅನುಮಾನ ಬಂದ ಪ್ರಶ್ನೆಗಳನ್ನು ಬಿಡಿಸಿ ಮತ್ತೆ ಕೇಳಬೇಕು. ಎಷ್ಟೋ ಮಕ್ಕಳ ಅಂಕ ಅಲ್ಲೇ ಇಳಿಯುತ್ತದೆ. ಈ ಅರ್ಧ ಕೆಲಸವನ್ನೇ ಬಿಟ್ಟು ಸುಮ್ನೆ ಫಾರಂ ಕಳಿಸಿದರೆ ಹೆದರಿಸಿದ ಹಾಗಾಯಿತು, ಅಷ್ಟೇ.

ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ, ತೊಂದರೆ ಇದ್ದರೂ ಅಂಕ ಕಡಿಮೆ ಬರುತ್ತದೆ. ಬೇಕಾದ್ದನ್ನು ಮಗು ಬೆರಳು ಮಾಡಿ ತೋರಿಸುತ್ತದಾ ಅಂತ ಒಂದು ಪ್ರಶ್ನೆ. ಅಮ್ಮನ ಕೈ ಹಿಡಿದು ಬಿಸ್ಕತ್ ಡಬ್ಬದ ಹತ್ತಿರ ಎಳೆದುಕೊಂಡು ಹೋಗುವ ಮಗುವಿಗೂ ನಾವು ‘ಹೌದು’ ಅಂತ ಬರೆಯುತ್ತೇವೆ. ವಿಮಾನ ಕಂಡಾಗ ‘ಅಗೋ’ ಅಂತ ಬೆರಳು ತೋರಿಸಿ, ನೀನೂ ನೋಡಿದ್ಯಾ ಅಂತ ನಮ್ಮ ಮುಖ ನೋಡುವುದೇ ಬೇರೆ. ಎದುರಿಗೆ ಕೂತು ಕೇಳಿದರೆ ಮಾತ್ರ ಈ ವ್ಯತ್ಯಾಸ ಹೊರಗೆ ಬರುತ್ತದೆ. ಕಡಿಮೆ ಅಂಕ ಬಂತು ಅಂತ ನಿರಾಳ ಆಗಿಬಿಡುವಂತೆಯೂ ಇಲ್ಲ. ಎರಡು ವರ್ಷ ತುಂಬದ ಮಗುವಿಗೆ, ತುಂಬಿದ ಮೇಲೆ ಇನ್ನೊಂದು ಸಲ ನೋಡಬೇಕು.

‘ಅವರಪ್ಪನಿಗೂ ಮಾತು ಲೇಟು, ಬಿಡು’ ಅನ್ನುವ ಅಜ್ಜಿಯರ ಮೇಲೂ ನನಗೆ ಸಿಟ್ಟಿದೆ (ನಮ್ಮಮ್ಮನೂ ಸೇರಿ). ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಮಂಡ್ಯದವರಿಗೆ ರೈಲು ಹತ್ತಿದರೆ ಆಯಿತು, ಆದರೂ ಮುಂದಿನ ವರ್ಷ ನೋಡೋಣ ಅನ್ನುತ್ತೇವೆ.

ಅಂಗನವಾಡಿ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) 2013ರಲ್ಲಿ ಶುರುವಾಯಿತು. ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡಬೇಕು, ತೊಂದರೆ ಕಂಡರೆ ಮುಂದಕ್ಕೆ ಕಳಿಸಬೇಕು ಅನ್ನುವುದು ಅದರ ನಿಯಮ. ಫೀಸು ಕಟ್ಟಿಸಿಕೊಳ್ಳುವ ಪ್ಲೇ ಹೋಮ್‌ಗಳು ಅಷ್ಟಾದರೂ ಮಾಡಬೇಡವಾ? ಫಾರಂ ಕೊಡಿ, ಬೇಡ ಅನ್ನಲ್ಲ. ಕೊಟ್ಟ ಮೇಲೆ ಅಪ್ಪ ಅಮ್ಮನನ್ನು ಕರೆಸಿ, ಕೂರಿಸಿ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳಿ. ಅದಕ್ಕೆ ಪುರುಸೊತ್ತಿಲ್ಲ ಅಂದರೆ ಗ್ರೂಪಿಗೆ ಹಾಕಲೇಬೇಡಿ.