ಸಾಹೇಬರ ಕೆನ್ನೆಗೆ ಬಿಸಿಲು ತಾಗದು

ಹಾಸನದ ಎನ್.ಆರ್. ವೃತ್ತದಲ್ಲಿ ಮತ್ತೆ ಫ್ಲೆಕ್ಸ್ ಎದ್ದಿದೆ. ಯಾವ ಪಕ್ಷ ಅಂತ ಕೇಳಬೇಡಿ, ಈ ವಿಷಯದಲ್ಲಿ ಎಲ್ಲರದೂ ಒಂದೇ ಪಕ್ಷ. ಸಾಹೇಬರಿಗೆ ಎಪ್ಪತ್ತರ ಹತ್ತಿರ, ಫ್ಲೆಕ್ಸಿನಲ್ಲಿ ಇಪ್ಪತ್ತೆಂಟು. ಹಣೆಯಲ್ಲಿ ಗೆರೆಯಿಲ್ಲ, ಕಣ್ಣ ಕೆಳಗೆ ಚೀಲವಿಲ್ಲ. ಮೂಗಿನ ಮಗ್ಗುಲಿಂದ ಬಾಯಿಗೆ ಇಳಿಯುವ ಮಡಿಕೆಯನ್ನು ಡಿಸೈನಿನ ಹುಡುಗ ಮೌಸಿನಲ್ಲೇ ಒರೆಸಿ ಹಾಕಿದ್ದಾನೆ. ಚರ್ಮದ ಡಾಕ್ಟರು ವರ್ಷಗಟ್ಟಲೆ ಹೆಣಗಿದರೂ ಆಗದ್ದನ್ನು ಅವನು ಚದರಡಿ ಲೆಕ್ಕದಲ್ಲಿ ಮುಗಿಸಿಕೊಟ್ಟಿದ್ದಾನೆ. ಪುಣ್ಯಾತ್ಮ.

ಕೈ ಮಾತ್ರ ಮರೆತ. ಮುಗಿದ ಆ ಕೈಗಳ ಮೇಲೆ ಕಂದು ಮಚ್ಚೆ, ಕಾಗದದಂಥ ಚರ್ಮ, ಎದ್ದ ನರ. ಅವುಗಳಲ್ಲಿ ಒಂದಿಷ್ಟು ವಯಸ್ಸಿನ ಕೆಲಸ, ಒಂದಿಷ್ಟು ಬಿಸಿಲಿನದು. ವಯಸ್ಸು ನಿಧಾನಸ್ಥ: ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ. 1ರಂತೆ ಕರಗುತ್ತದೆ. ಹೊರಪದರ, ಒಳಪದರ ಹಲ್ಲಿಗೆ ಹಲ್ಲು ಸೇರಿದಂತೆ ಕೂತಿರುತ್ತವಲ್ಲ, ಆ ಹಲ್ಲು ಸವೆದು ಸಪಾಟಾಗುತ್ತದೆ. ಮಂಚದ ಅಂಚು ತಗುಲಿದರೂ ಅಜ್ಜಿಯ ಕೈ ತರಚುವುದು ಅದಕ್ಕೇ. ಬಿಸಿಲಿಗೆ ಇಷ್ಟು ತಾಳ್ಮೆಯಿಲ್ಲ. ಅದರಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಲ್ಲಿ ಯುವಿಎ ಅನ್ನುವುದು ಒಳಪದರಕ್ಕೇ ಇಳಿದು, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳು ಕೆಟ್ಟು ಗಂಟುಗಂಟಾಗುತ್ತವೆ. ಆಲೂಗಡ್ಡೆ ಹೊಲದಲ್ಲಿ ಬಗ್ಗಿ ಬಗ್ಗಿ ದುಡಿದವರ ಕತ್ತಿನ ಹಿಂಭಾಗ ನೋಡಿ: ದಪ್ಪ ಚರ್ಮ, ಅದರಲ್ಲಿ ವಜ್ರಾಕಾರದ ಬಿರುಕುಗೆರೆ. ಅದೇ ಮನುಷ್ಯನ ತೋಳಿನ ಒಳಭಾಗ ನೋಡಿ, ಎಷ್ಟೋ ನಯ. ಎರಡಕ್ಕೂ ವಯಸ್ಸು ಒಂದೇ.

ಗಾಜಿನ ಹಿಂದೆ ಕೂತರೆ ಬಚಾವು ಅಂದುಕೊಳ್ಳುವವರಿದ್ದಾರೆ. ಚರ್ಮ ಸುಡುವ ಇನ್ನೊಂದು ಕಿರಣ ಯುವಿಬಿಯನ್ನು ಕಿಟಕಿ ಗಾಜು ತಡೆಯುತ್ತದೆ, ಯುವಿಎ ಸಲೀಸಾಗಿ ಒಳಗೆ ಬರುತ್ತದೆ. ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ 2012ರಲ್ಲಿ ಒಬ್ಬ ಲಾರಿ ಚಾಲಕನ ಫೋಟೋ ಬಂದಿತ್ತು. 28 ವರ್ಷ ಗಾಡಿ ಓಡಿಸಿದ್ದ, ಕಿಟಕಿ ಕಡೆಯ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ಮುದಿಯಾಗಿತ್ತು. ನಮ್ಮ ಬಸ್ಸಿನಲ್ಲಿ ಸ್ಟೇರಿಂಗ್ ಬಲಕ್ಕೆ, ಆದ್ದರಿಂದ ಚಾಲಕರ ಬಲಗೆನ್ನೆಯ ಸರದಿ. ಗಾಜು ಏರಿಸಲು ಬಂದರೆ ತಾನೇ, ಅದು ಬೇರೆ ಮಾತು.

ಇನ್ನು ಫ್ಲೆಕ್ಸಿನ ಕಂಬಕ್ಕೇ ಕಟ್ಟಿರುವ ಪಾರ್ಲರಿನ ಬೋರ್ಡು: ಕೊಲಾಜೆನ್ ಕ್ರೀಮು ಹಚ್ಚಿ, ಹತ್ತು ವರ್ಷ ಚಿಕ್ಕವರಾಗಿ. ಚರ್ಮದ ಬಾಗಿಲಲ್ಲಿ ಸುಮಾರು 500 ಡಾಲ್ಟನ್ (ಅಣುವಿನ ತೂಕ ಅಳೆಯುವ ಮಾನ) ತೂಕದ ಕಣ ನುಸುಳಿದರೆ ಹೆಚ್ಚು. ಕೊಲಾಜೆನ್ ಕಣ ತೂಗುವುದು 3 ಲಕ್ಷ. ಸಕಲೇಶಪುರದ ಆನೆಯನ್ನು ಇರುವೆಗೂಡಿಗೆ ನುಗ್ಗಿಸುತ್ತೇವೆ ಅಂದ ಹಾಗಾಯಿತು.

ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆ, ಹಚ್ಚುವಷ್ಟು ಹಚ್ಚಿದರೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂದರೆ ಯುವಿಬಿ ತಡೆಯುವ ಶಕ್ತಿಯ ಅಳತೆ. ಎಸ್‌ಪಿಎಫ್ 30 ಯುವಿಬಿಯ ಶೇ. 97ರಷ್ಟನ್ನು ತಡೆದರೆ 50 ತಡೆಯುವುದು ಶೇ. 98, ಆ ಒಂದಕ್ಕೇ ಅಷ್ಟೊಂದು ಜಾಹೀರಾತು. ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ನಾವು ಕಡಲೆಕಾಳಿನಷ್ಟು ಹಚ್ಚಿ ಕ್ರೀಮನ್ನು ಬೈಯುತ್ತೇವೆ. ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ತಿಂಗಳೂ ಬರುವುದಿಲ್ಲ. ಆ ಫ್ಲೆಕ್ಸಿನ ಕೆಳಗೆ ಬೆಳಿಗ್ಗೆಯಿಂದ ಕಸ ಗುಡಿಸುವ ಹೆಂಗಸರಿಗೆ ಈ ಲೆಕ್ಕ ಯಾರಾದರೂ ಹೇಳಿ ನೋಡಿ.

ಅವರಿಗೆ ಸಿಗುವ ಟ್ಯೂಬೇ ಬೇರೆ. ಕೆನ್ನೆ ಮೇಲೆ ಬಂಗು ಅಂದರೆ ಸಾಕು, ಔಷಧಿ ಅಂಗಡಿಯವರು ಚೀಟಿ ಕೇಳದೆ ಸ್ಟೀರಾಯ್ಡ್ ಮುಲಾಮು ಕೊಟ್ಟು ಕಳಿಸುತ್ತಾರೆ. ಎರಡು ವಾರ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತದೆ, ಮೊಡವೆ, ಬೇಡದ ಕೂದಲು, ಬಿಸಿಲಿಗೆ ಬಂದರೆ ಉರಿ. ಬಿಟ್ಟರೆ ಇನ್ನೂ ಜಾಸ್ತಿ, ಮತ್ತೆ ಅದೇ ಟ್ಯೂಬು. ಕೇಂದ್ರ ಸರ್ಕಾರ 2018ರಲ್ಲೇ ಇಂಥ 14 ಸ್ಟೀರಾಯ್ಡುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಯಾರು ಕೇಳಿದರು? ಯಾರೂ ಕೇಳಲಿಲ್ಲ. ಬಿಸಿಲು ಇಪ್ಪತ್ತು ವರ್ಷದಲ್ಲಿ ಮಾಡುವ ಹಾನಿಯನ್ನು ಇಪ್ಪತ್ತು ವಾರದಲ್ಲಿ ಮಾರುತ್ತಿದ್ದಾರೆ, ಅಷ್ಟೇ.

ಸಾಹೇಬರಿಗೂ ಬಿಸಿಲು ಬಿಡುವುದಿಲ್ಲ ಅನ್ನಿ. ಫ್ಲೆಕ್ಸಿನ ಶಾಯಿಯಲ್ಲಿ ಹಳದಿ, ಕೆಂಪು ಮೊದಲು ಹಾರುತ್ತವೆ. ಒಂದು ಬೇಸಿಗೆ ಕಳೆದರೆ ಅವರು ನೀಲಮೇಘಶ್ಯಾಮ. ಅದಕ್ಕೇ ಒಂದು ಅರ್ಜಿ: ಮುಂದಿನ ಹುಟ್ಟುಹಬ್ಬಕ್ಕೆ ಫ್ಲೆಕ್ಸನ್ನು ನಿಲ್ಲಿಸಬೇಡಿ, ನಾಲ್ಕು ಕಂಬಕ್ಕೆ ಚಪ್ಪರದ ಹಾಗೆ ಕಟ್ಟಿ. ಸಾಹೇಬರು ಆಕಾಶ ನೋಡಿಕೊಂಡು ಕೈ ಮುಗಿಯಲಿ, ಕೆಳಗೆ ನಾಲ್ಕು ಜನ ಕೂತು ಉಪ್ಪಿಟ್ಟು ತಿನ್ನಲಿ.