ಚರಗಿಯಲ್ಲಿ ಉಳಿದ ನೀರು

ನಮ್ಮ ಭಾನುವಾರದ ಕೂಟಕ್ಕೆ ಒಬ್ಬ ಹುಡುಗ ಬರುವುದು ನಿಲ್ಲಿಸಿ ಏಳು ವಾರ ಆಯ್ತು. ಅದಕ್ಕೆ ಕಾರಣ ನಾನು. ಏಳು ವಾರದಿಂದ ಇದೇ ತಲೆಯಲ್ಲಿ ಕೂತಿದೆ. ಸ್ವಲ್ಪ ಉದ್ದ ಆಗುತ್ತೆ, ಸಮಯ ಇದ್ದಾಗ ಓದಿ.

ಕಲಬುರಗಿಯಲ್ಲಿ ನಾವು ಹತ್ತು ಹನ್ನೆರಡು ಜನ ವಾರಕ್ಕೊಮ್ಮೆ ಒಬ್ಬರ ಮನೆಯ ಮಾಳಿಗೆ ಮೇಲೆ ಸೇರುತ್ತೇವೆ. ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು. ಒಂದು ತಾಸು ಸುಮ್ಮನೆ ಕೂರುತ್ತೇವೆ. ಆಮೇಲೆ ಯಾರಾದರೂ ಒಬ್ಬರು ಏನಾದರೂ ಓದುತ್ತಾರೆ. ಆಮೇಲೆ ಸುಸಲಾ, ಚಹಾ. ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯ ಆಗಿದ್ದು ಸೇಡಂ ರಸ್ತೆಯ ಬುದ್ಧ ವಿಹಾರದಲ್ಲಿ. 2009ರಲ್ಲಿ ಅದು ಶುರುವಾದ ಮೇಲೆ ಎಷ್ಟೋ ಮನೆಗಳಿಗೆ ಭಾನುವಾರ ಹೋಗಿ ಕೂರಲು ಒಂದು ಜಾಗ ಸಿಕ್ಕಿತು.

ಎಲ್ಲರೂ ಬುದ್ಧನ ಹೆಸರು ಹೇಳುವವರೇ. ಆದರೆ ಒಬ್ಬೊಬ್ಬರ ಬುದ್ಧ ಒಂದೊಂದು ಥರ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಸರ್ ಇದ್ದಾರೆ. ವಿಪಶ್ಯನ ಧ್ಯಾನದ ಹತ್ತು ದಿನದ ಶಿಬಿರಕ್ಕೆ ಆರು ಸಲ ಹೋಗಿ ಬಂದವರು. ಅವರಿಗೆ ಉಸಿರು, ಮೈಮೇಲಿನ ಸಂವೇದನೆ, ಅಷ್ಟೇ ಧಮ್ಮ, ಅಂದರೆ ಬುದ್ಧನ ಬೋಧನೆ. ಮತ್ತೊಬ್ಬರು ಶಹಾಬಾದ್ ಕಡೆಯವರು, ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತಿ ಆದವರು. ನಾವೆಲ್ಲ ಕಾಕಾ ಅಂತೀವಿ. ಅವರ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು. ದೀಕ್ಷೆಗೆ ಅಂತ ಬಾಬಾಸಾಹೇಬ ಅಂಬೇಡ್ಕರ್ ಕೊಟ್ಟ 22 ಪ್ರತಿಜ್ಞೆಗಳೂ ಕಾಕಾಗೆ ಬಾಯಿಪಾಠ. ಹಿಂದಿನ ಜನ್ಮದ ಕರ್ಮ ಅಂತ ಯಾರಾದರೂ ಅಂದರೆ ಅವರು ತಕ್ಷಣ ತಡೆಯುತ್ತಾರೆ. ನಾಲ್ಕು ಆರ್ಯಸತ್ಯಗಳು ಬುದ್ಧ ಹೇಳಿದ್ದೋ, ಆಮೇಲೆ ಭಿಕ್ಷುಗಳು ಸೇರಿಸಿದ್ದೋ ಅಂತ ಬಾಬಾಸಾಹೇಬರೇ ಕೇಳಿದ್ದಾರೆ ಅನ್ನೋದನ್ನ ನೆನಪಿಸುತ್ತಾರೆ. ಅದು ನಿಜವೂ ಹೌದು. ನಾನು ಹೈಸ್ಕೂಲ್ ಟೀಚರ್. ಕೂರುತ್ತೇನೆ, ಓದುತ್ತೇನೆ, ಎಲ್ಲರನ್ನೂ ಸಮಾಧಾನ ಮಾಡುತ್ತೇನೆ. ಈ ಸಮಾಧಾನ ಮಾಡುವ ಚಟವೇ ಈ ಸಲ ಕೆಟ್ಟದ್ದು ಮಾಡಿತು.

ಆ ಹುಡುಗ ಡಿಗ್ರಿ ಕೊನೇ ವರ್ಷದಲ್ಲಿದ್ದಾನೆ. ಅವನಿಗೆ ತಾವೋ ಅನ್ನುವ ಚೀನಾದ ಹಳೇ ಪಂಥದ ಹಿರಿಯರ ಹುಚ್ಚು. ಲಾವೋತ್ಸು, ಚುವಾಂಗ್‌ತ್ಸು. ಇಂಗ್ಲಿಷಿನಲ್ಲಿ ಓದಿ ತಾನೇ ಕನ್ನಡ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ. ಅಕ್ಷರ ದುಂಡಗೆ ಚಂದ. ಆ ಭಾನುವಾರ ಓದುವ ಪಾಳಿ ಅವನದು.

ಅವನು ಓದಿದ್ದು ಚುವಾಂಗ್‌ತ್ಸುವಿನ ವಾದದ ಮಾತು. ನೀನೂ ನಾನೂ ವಾದ ಮಾಡಿದೆವು ಅಂದುಕೋ. ನೀನು ಗೆದ್ದೆ, ನಾನು ಸೋತೆ. ಅಷ್ಟಕ್ಕೇ ನಿನ್ನದು ಸರಿ ಆಯ್ತಾ? ತೀರ್ಪು ಹೇಳಲು ಯಾರನ್ನು ಕರೆಯೋಣ? ನಿನ್ನ ಮಾತು ಒಪ್ಪುವವನನ್ನು ಕರೆದರೆ ಅವನು ಆಗಲೇ ನಿನ್ನ ಕಡೆ. ನನ್ನ ಮಾತು ಒಪ್ಪುವವನು ನನ್ನ ಕಡೆ. ಇಬ್ಬರದನ್ನೂ ಒಪ್ಪದವನು, ಇಬ್ಬರದನ್ನೂ ಒಪ್ಪುವವನು, ಇವರೂ ಹೇಗೆ ತೀರ್ಮಾನ ಮಾಡುತ್ತಾರೆ?

ಸರ್ ಮೊದಲು ಬಾಯಿ ತೆಗೆದರು. "ಇದು ಧಮ್ಮ ಅಲ್ಲಪ್ಪ. ಇಲ್ಲಿ ಬುದ್ಧನ ಮಾತು ಮಾತ್ರ ಓದೋಣ." ಹುಡುಗನ ಮುಖ ಸಣ್ಣದಾಯಿತು. ಆದರೆ ಕಾಕಾ ಎತ್ತಿದ ಪ್ರಶ್ನೆ ಬೇರೆ. ಅವರು ಪೂರ್ತಿ ಕೇಳಿಸಿಕೊಂಡಿದ್ದರು. "ತಮ್ಮಾ, ಹಂಗಾದ್ರ ಅನ್ಯಾಯ ಮಾಡ್ದವ, ಅನ್ಯಾಯ ಉಂಡವ, ಇಬ್ರುದೂ ಸರೀನ ಏನು? ತೀರ್ಪು ಹೇಳಾವ ಯಾರೂ ಇಲ್ಲಂದ್ರ ನಮ್ಮಂಥವ್ರು ಎಲ್ಲಿಗಿ ಹೋಗ್ಬೇಕು?"

ಎಂಥ ಪ್ರಶ್ನೆ ನೋಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಚೀನಾದ ಮಾತನ್ನು ಶಹಾಬಾದಿನ ಒಬ್ಬ ಕಾರ್ಮಿಕ ನೇರವಾಗಿ ಎದುರಿಸಿ ನಿಂತಿದ್ದರು. ಹುಡುಗ, "ಹಂಗಲ್ಲ ಕಾಕಾ, ಅವ ಹೇಳಾದು..." ಅಂತ ಶುರು ಮಾಡಿದ. ದನಿ ಸ್ವಲ್ಪ ಏರಿತ್ತು. ನನಗೆ ಹೆದರಿಕೆ ಆಯ್ತು. ಜಗಳ ಆಗುತ್ತೆ ಅಂತ ನಡುವೆ ಬಾಯಿ ಹಾಕಿದೆ. "ಬಿಡ್ರೀ, ಯಾಕ ವಾದ? ಕಾಗಿಣಾ ಹೋಗಿ ಭೀಮಾಕ್ಕ ಸೇರ್ತದ, ಭೀಮಾ ಕೃಷ್ಣಾಕ್ಕ ಸೇರ್ತದ. ಎಲ್ಲಾ ನೀರೂ ಒಂದೇ. ಬುದ್ಧ, ತಾವೋ ಎಲ್ಲಾ ಒಂದೇ ಅದ ತಗೋರಿ."

ಕಾಕಾ ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. "ಅಕ್ಕೋರೇ, ಎಲ್ಲಾ ನೀರೂ ಒಂದೇ ಅಂತೀರಿ. ನಮ್ಮಪ್ಪಗ ಊರ ಬಾವಿ ನೀರು ಮುಟ್ಲಾಕ ಬಿಡ್ಲಿಲ್ಲ. ಎಲ್ಲಾ ಒಂದೇ ಇದ್ದಿದ್ರ ಅವ ಯಾಕ ಬಿಟ್ಟು ಬರ್ತಿದ್ದ?"

ಯಾರೂ ಮಾತಾಡಲಿಲ್ಲ. ಚಹಾ ಬಂತು. ಕುಡಿದು ಎದ್ದೆವು. ಹುಡುಗ ನೋಟ್‌ಬುಕ್ ಅಲ್ಲೇ ಬಿಟ್ಟು ಹೋದ. ಮುಂದಿನ ವಾರ ಬರಲಿಲ್ಲ. ಆಮೇಲೂ ಇಲ್ಲ.

ಮೊದಲು ನಾನು ಸರ್ ಮೇಲೆ ತಪ್ಪು ಹೊರಿಸಿದೆ, ಮನಸ್ಸಿನಲ್ಲೇ. ಇದು ಧಮ್ಮ ಅಲ್ಲ ಅಂತ ಅಂದವರು ಅವರು ತಾನೇ. ಆದರೆ ಸರ್ ಕಡೇಪಕ್ಷ ಹುಡುಗನ ಮಾತು ತಮ್ಮ ಮಾತಿಗಿಂತ ಬೇರೆ ಅಂತ ಗುರುತಿಸಿದರು. ನಾನು ಅದನ್ನೂ ಮಾಡಲಿಲ್ಲ. ಅವನು ತಿಂಗಳುಗಟ್ಟಲೆ ಕೂತು ಕನ್ನಡ ಮಾಡಿದ್ದನ್ನು, ಕಾಕಾನ ಅಪ್ಪ ಜೀವಮಾನದಲ್ಲಿ ಮಾಡಿದ ದೊಡ್ಡ ತೀರ್ಮಾನವನ್ನು, ಎರಡನ್ನೂ ಒಂದೇ ಮಾತಿನಲ್ಲಿ ಅಳಿಸಿಬಿಟ್ಟೆ. ಎಲ್ಲಾ ಒಂದೇ ಅನ್ನುವುದು ಸಹನೆ ಅಂತ ನಾನು ನಂಬಿದ್ದೆ. ಶಾಲೆಯಲ್ಲಿ ಮಕ್ಕಳಿಗೂ ಹಾಗೇ ಕಲಿಸುತ್ತಾ ಬಂದಿದ್ದೇನೆ.

ಆ ವಾರ ಕೋಸಂಬಿ ಅನ್ನುವ ಊರಿನ ಕಥೆ ಮತ್ತೆ ತೆಗೆದು ಓದಿದೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಬುದ್ಧ ಬದುಕಿದ್ದಾಗಲೇ ಅವನ ಸಂಘದಲ್ಲಿ ನಡೆದ ದೊಡ್ಡ ಜಗಳ ಅದು. ಶುರುವಾಗಿದ್ದು ಯಾವುದರಿಂದ ಗೊತ್ತಾ? ಶೌಚದ ಚರಗಿಯಿಂದ, ಅಂದರೆ ನೀರಿನ ತಂಬಿಗೆಯಿಂದ. ಒಬ್ಬ ಭಿಕ್ಷು ಪಾಠ ಹೇಳುವವನು, ಇನ್ನೊಬ್ಬ ನಿಯಮ ಬಲ್ಲವನು. ಪಾಠ ಹೇಳುವವನು ಶೌಚಕ್ಕೆ ಹೋಗಿ ಚರಗಿಯಲ್ಲಿ ನೀರು ಉಳಿಸಿ ಬಂದ. ಅದು ತಪ್ಪು ಅಂದ ನಿಯಮದವನು. ಹೌದಾ, ಹಾಗಾದರೆ ಒಪ್ಪಿಕೊಳ್ಳುತ್ತೇನೆ ಅಂದ ಇವನು. ಬೇಕಂತ ಮಾಡಿಲ್ಲ ಅಂದಮೇಲೆ ತಪ್ಪಲ್ಲ ಬಿಡು ಅಂದ ಅವನು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಿಯಮದವನು ಹೋಗಿ ತನ್ನ ಶಿಷ್ಯರ ಹತ್ತಿರ, ಅವನಿಗೆ ತಪ್ಪು ಮಾಡಿದ್ದೂ ಗೊತ್ತಾಗಲ್ಲ ಅಂದ. ಆ ಮಾತು ಈ ಶಿಷ್ಯರಿಂದ ಆ ಶಿಷ್ಯರಿಗೆ ಹೋಯಿತು. ಸಂಘ ಎರಡು ಹೋಳಾಯಿತು. ಬುದ್ಧ ಬಂದು ಹೇಳಿದರೂ ಕೇಳಲಿಲ್ಲ. ನೀವು ಆರಾಮಾಗಿರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ ಅಂತ ಅವನಿಗೇ ಹೇಳಿದರು. ಬುದ್ಧ ತನ್ನ ಪಾತ್ರೆ ಚೀವರ ತೆಗೆದುಕೊಂಡು ಒಬ್ಬನೇ ಹೊರಟುಬಿಟ್ಟ. ಆಮೇಲೆ ಅವರನ್ನು ದಾರಿಗೆ ತಂದದ್ದು ಊರಿನ ಜನ. ಕೈ ಮುಗಿಯುವುದು ಬಿಟ್ಟರು, ಭಿಕ್ಷೆ ಹಾಕುವುದು ಬಿಟ್ಟರು.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಈ ಸಲ ಕಣ್ಣಿಗೆ ಬಿದ್ದದ್ದು ಮುಂದಿನ ಭಾಗ. ಕೋಸಂಬಿ ಬಿಟ್ಟು ಹೋಗುವಾಗ ಬುದ್ಧ ದಾರಿಯಲ್ಲಿ ಅನುರುದ್ಧ ಮತ್ತು ಇನ್ನಿಬ್ಬರು ಭಿಕ್ಷುಗಳು ಇದ್ದ ಕಡೆ ಹೋಗುತ್ತಾನೆ. ಹೇಗಿದ್ದೀರಿ ಅಂತ ಕೇಳುತ್ತಾನೆ. ಹಾಲು ನೀರು ಬೆರೆತ ಹಾಗೆ ಇದ್ದೇವೆ ಅಂತಾರೆ ಅವರು. ಅದು ಹೇಗೆ ಅಂದರೆ ದೊಡ್ಡ ತತ್ವ ಏನೂ ಹೇಳುವುದಿಲ್ಲ. ಕುಡಿಯುವ ನೀರಿನ ಕೊಡ, ತೊಳೆಯುವ ನೀರಿನ ಕೊಡ, ಶೌಚದ ಚರಗಿ, ಯಾವುದು ಖಾಲಿ ಕಂಡರೂ ಕಂಡವನು ತುಂಬಿಡುತ್ತಾನೆ. ಭಾರ ಆದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾನೆ, ಇಬ್ಬರೂ ಸೇರಿ ಎತ್ತುತ್ತಾರೆ. ಐದು ದಿನಕ್ಕೊಮ್ಮೆ ಇಡೀ ರಾತ್ರಿ ಕೂತು ಧಮ್ಮದ ಬಗ್ಗೆ ಮಾತಾಡುತ್ತಾರೆ.

ಅದೇ ಚರಗಿ! ಅಲ್ಲಿ ಸಂಘ ಒಡೆದ ಚರಗಿ ಇಲ್ಲಿ ಸುಮ್ಮನೆ ತುಂಬಿಡುವ ಚರಗಿ. ಇನ್ನೊಂದು ವಿಷಯ ಗಮನಿಸಿ. ಈ ಮೂವರು ಮಾತು ಬಿಟ್ಟು ಕೂತವರಲ್ಲ. ಇಡೀ ರಾತ್ರಿ ಮಾತಾಡುತ್ತಾರೆ ಅಂದರೆ ಅಲ್ಲಿ ಒಪ್ಪದ ಮಾತೂ ಬಂದೇ ಬಂದಿರುತ್ತೆ, ಅಲ್ವಾ? ಹಗಲು ನೀರು ತುಂಬಿಟ್ಟವನ ಜೊತೆ ರಾತ್ರಿ ವಾದ ಮಾಡುವುದು ಬೇರೆ. ನಾನು ಆವತ್ತು ವಾದ ಆರಂಭ ಆಗುವ ಮೊದಲೇ ಅದರ ಕತ್ತು ಹಿಸುಕಿದ್ದೆ.

ಬುದ್ಧ, ತಾವೋ ಅಂದರೆ ಶಾಂತಿ, ಅವರಲ್ಲಿ ಜಗಳ ಎಲ್ಲಿಂದ ಬರುತ್ತೆ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಲಾವೋತ್ಸು ಪಶ್ಚಿಮಕ್ಕೆ ಹೋಗಿ ಬುದ್ಧನಾದ, ಬೌದ್ಧ ಧರ್ಮ ನಮ್ಮದೇ ಒಂದು ಕೊಂಬೆ ಅಂತ ತಾವೋದ ಕೆಲವರು ಬರೆದರು. ಅದಕ್ಕೆ ನೂರಾರು ವರ್ಷ ಜಗಳ ನಡೆಯಿತು. 845ರಲ್ಲಿ ತಾವೋ ಕಡೆ ಒಲವಿದ್ದ ಟಾಂಗ್ ವಂಶದ ವೂಜೋಂಗ್ ದೊರೆ ಬೌದ್ಧ ಮಠಗಳನ್ನು ಕೆಡವಿಸಿದ. ಅವನ ಆಜ್ಞೆಯಲ್ಲೇ ಇರುವ ಲೆಕ್ಕ 4,600ಕ್ಕೂ ಜಾಸ್ತಿ ಮಠಗಳು, 2,60,500 ಭಿಕ್ಷು ಭಿಕ್ಷುಣಿಯರು. ಮಠದ ಆಸ್ತಿಯ ಮೇಲಿನ ಕಣ್ಣೂ ಅದರಲ್ಲಿತ್ತು. 1258ರಲ್ಲಿ ಮಂಗೋಲರ ಕುಬ್ಲಾಯಿ ಖಾನನ ಮುಂದೆ, ಅವನಿನ್ನೂ ರಾಜಕುಮಾರನಾಗಿದ್ದಾಗ, ಎರಡೂ ಕಡೆಯವರ ವಾದ ನಡೆಯಿತು. ಈ ಸಲ ಸೋತವರು ತಾವೋದವರು. ಅವರಲ್ಲಿ 17 ಜನರ ತಲೆ ಬೋಳಿಸಿ ಭಿಕ್ಷುಗಳನ್ನಾಗಿ ಮಾಡಿದರು. ಅವರ ಪುಸ್ತಕಗಳನ್ನು ಸುಡಲು ಆಜ್ಞೆ ಆಯ್ತು. ತೀರ್ಪು ಹೇಳಲು ಯಾರನ್ನು ಕರೆಯೋಣ ಅಂತ ಚುವಾಂಗ್‌ತ್ಸು ಕೇಳಿದ್ದನಲ್ಲ, ಇಲ್ಲಿ ರಾಜಕುಮಾರನನ್ನು ಕರೆದರು.

ಲಾವೋತ್ಸು ಬುದ್ಧನಾದ ಅನ್ನುವ ಕಥೆಯನ್ನು ಇನ್ನೊಮ್ಮೆ ನೋಡಿ. ಅದೂ ಎಲ್ಲಾ ಒಂದೇ ಅನ್ನುವ ಮಾತೇ. ನೀನೂ ನಾನೂ ಒಂದೇ, ಆದರೆ ನೀನು ನನ್ನೊಳಗೆ. ನಮ್ಮ ದೇಶದಲ್ಲೂ ಬುದ್ಧನನ್ನು ಒಂದು ಅವತಾರ ಮಾಡಿದ್ದಾರೆ. 22 ಪ್ರತಿಜ್ಞೆಗಳಲ್ಲಿ ಒಂದು ಇದನ್ನೇ ನಿರಾಕರಿಸುತ್ತೆ. ಬುದ್ಧ ವಿಷ್ಣುವಿನ ಅವತಾರ ಅಂತ ನಾನು ನಂಬುವುದಿಲ್ಲ ಅಂತ. ಕಾಕಾಗೆ ನನ್ನ ಮಾತು ಯಾಕೆ ಅಷ್ಟು ಚುಚ್ಚಿತು ಅಂತ ನನಗೆ ಅರ್ಥವಾಗಲು ಚೀನಾಕ್ಕೆ ಹೋಗಿ ಬರಬೇಕಾಯಿತು.

ಚೀನಾದಲ್ಲೇ ಇನ್ನೊಂದು ಕಥೆಯೂ ಇದೆ. ಲೂಶಾನ್ ಬೆಟ್ಟದ ಭಿಕ್ಷು ಹುಯಿಯುವಾನ್ ಅತಿಥಿಗಳನ್ನು ಕಳಿಸಲು ಒಂದು ಹಳ್ಳದ ತನಕ ಮಾತ್ರ ಬರುತ್ತಿದ್ದನಂತೆ. ದಾಟಬಾರದು ಅಂತ ಪಣ. ಒಂದು ದಿನ ಒಬ್ಬ ತಾವೋ ಗುರು, ಒಬ್ಬ ಕವಿ, ಮೂವರೂ ಮಾತಾಡುತ್ತಾ ಹಳ್ಳ ದಾಟಿಬಿಟ್ಟರು. ಹುಲಿ ಗರ್ಜಿಸಿದಾಗಲೇ ಗೊತ್ತಾಗಿದ್ದು. ಮೂವರೂ ನಕ್ಕರು. ಇದು ನಡೆದದ್ದಲ್ಲ. ಹುಯಿಯುವಾನ್ 416ರಲ್ಲಿ ತೀರಿಕೊಂಡಾಗ ಆ ತಾವೋ ಗುರು ಇನ್ನೂ ಸಣ್ಣ ಹುಡುಗ. ಆದರೂ ಜನ ಕಥೆ ಕಟ್ಟಿದರು, ಚಿತ್ರ ಬರೆದರು. ಹೀಗೆ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅವರಿಗೆ ಅನ್ನಿಸಿರಬೇಕು. ಕಥೆಯಲ್ಲಿ ಭಿಕ್ಷು ಭಿಕ್ಷುವಾಗೇ ಇದ್ದಾನೆ, ತಾವೋದವನು ತಾವೋದವನೇ. ಅದು ನನಗೆ ಇಷ್ಟವಾಯಿತು.

ಇದೆಲ್ಲ ದೂರದ ಮಾತು. ನಮ್ಮ ಹತ್ತಿರದ್ದಕ್ಕೆ ಬರುತ್ತೇನೆ. ಸನ್ನತಿ. ನಮ್ಮದೇ ಚಿತ್ತಾಪುರ ತಾಲ್ಲೂಕು, ಭೀಮಾ ದಂಡೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಅಲ್ಲಿ ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಸ್ತೂಪ ಸಿಕ್ಕಿತು, 'ರಾಯ ಅಸೋಕೋ' ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಇದು ಊರಿಗೆಲ್ಲ ಗೊತ್ತು. ಆದರೆ ಆ ಪೀಠದ ಕಲ್ಲಿನಲ್ಲಿ ಏನು ಬರೆದಿದೆ ಅಂತ ಎಷ್ಟು ಜನ ಕೇಳಿದ್ದೇವೆ? ಅಶೋಕನ ದೊಡ್ಡ ಶಾಸನಗಳಲ್ಲಿ 12ನೆಯದರ ಭಾಗ ಅದರಲ್ಲಿದೆ. ಅದು ಪೂರ್ತಿ ಇದೇ ವಿಷಯ.

ಬೇರೆ ಬೇರೆ ಪಂಥದವರು ಹೇಗಿರಬೇಕು ಅಂತ ಅದರಲ್ಲಿ ಹೇಳುತ್ತಾನೆ. ಮೊದಲನೆಯದು ನಾಲಿಗೆ ಹಿಡಿತದಲ್ಲಿರಬೇಕು. ಕಾರಣ ಇಲ್ಲದೆ ನಿನ್ನದನ್ನು ಹೊಗಳಬೇಡ, ಇನ್ನೊಬ್ಬರದನ್ನು ತೆಗಳಬೇಡ. ಕಾರಣ ಇದ್ದರೂ ಹಗುರವಾಗಿ ಹೇಳು. ಭಕ್ತಿಯಿಂದಲೇ ಆದರೂ ಬೇರೆಯವರನ್ನು ಹಳಿದವನು ತನ್ನ ಪಂಥಕ್ಕೇ ಹೆಚ್ಚು ಪೆಟ್ಟು ಕೊಡುತ್ತಾನೆ. ಒಬ್ಬರ ಧರ್ಮ ಒಬ್ಬರು ಕೇಳಿಸಿಕೊಳ್ಳಿ, ಬಹುಶ್ರುತರಾಗಿ. ಎಲ್ಲಾ ಒಂದೇ ಅನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ. ನಾನು ಎರಡು ಸಲ ಹುಡುಕಿದೆ. ಕಾರಣ ಇದ್ದರೂ ಹಗುರವಾಗಿ ಅಂದರೆ, ಟೀಕೆಗೆ ಕಾರಣ ಇರಬಹುದು ಅಂತ ಅವನು ಒಪ್ಪಿದ ಹಾಗೆ.

ಅಶೋಕ ಎಲ್ಲ ಕಡೆ ಹೀಗೇ ಇದ್ದ ಅಂತಲೂ ಅಲ್ಲ. ಸಂಘ ಒಡೆಯುವ ಭಿಕ್ಷುವಿಗೆ ಬಿಳಿ ಬಟ್ಟೆ ಉಡಿಸಿ ಹೊರಗೆ ಹಾಕಿ ಅಂತ ಆಜ್ಞೆ ಹೊರಡಿಸಿದ್ದೂ ಅವನೇ. ಆ ಆಜ್ಞೆ ಹೋದ ಊರುಗಳಲ್ಲಿ ಕೋಸಂಬಿಯೂ ಒಂದು. ಹೊರಗಿನವರ ಜೊತೆ ಸಹನೆ, ಒಳಗಿನವರಿಗೆ ಗದರಿಕೆ. ಇದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ನಮ್ಮ ಮಾಳಿಗೆಯಲ್ಲೂ ಅದೇ ನಡೆಯಿತು. ದರ್ಗಾಕ್ಕೆ ಹೋಗುವ ಪಕ್ಕದ ಮನೆಯವರನ್ನು ನಾವು ಯಾರೂ ಪ್ರಶ್ನೆ ಮಾಡಲ್ಲ. ನಮ್ಮ ಜೊತೆ ಕಣ್ಣು ಮುಚ್ಚಿ ಕೂರುವವನು ಬೇರೆ ಏನೋ ಓದಿದರೆ ಮಾತ್ರ ಸಹಿಸಲ್ಲ.

ಹೋದ ಭಾನುವಾರ ನೋಟ್‌ಬುಕ್ ವಿಷಯ ತೆಗೆದೆ. ಅದು ನನ್ನ ಹತ್ತಿರ ಅದ ಅಂದರು ಕಾಕಾ. ಅವರೇ ಒಯ್ದಿದ್ದರಂತೆ. ತಂದು ಕೊಟ್ಟರು. ತೆಗೆದು ನೋಡಿದರೆ ಪುಟ ಪುಟಕ್ಕೂ ಅಂಚಿನಲ್ಲಿ ಪೆನ್ಸಿಲ್ ಬರಹ. ಕೆಲವು ಕಡೆ 'ಖರೆ'. ಕೆಲವು ಕಡೆ 'ಒಪ್ಪಲ್ಲ'. ವಾದದ ಪುಟದಲ್ಲಿ ಜಾಗ ಸಾಲದೆ ಮೇಲೆ ಕೆಳಗೆ ಎಲ್ಲ ಬರೆದಿದ್ದಾರೆ. ತಮ್ಮಾ, ಆವತ್ತು ನೀ ಏನೋ ಹೇಳಾವಿದ್ದಿ, ಪೂರಾ ಹೇಳು, ಅಂತ ಕೊನೆಗೆ ಇದೆ. ಸರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಓದಿದರು. ಏನೂ ಹೇಳಲಿಲ್ಲ.

ನಿನ್ನೆ ಹುಡುಗನಿಗೆ ಫೋನ್ ಮಾಡಿದೆ. ನನ್ನದು ತಪ್ಪಾಯ್ತು ಅಂದೆ. ಪರೀಕ್ಷೆ ಇದೆ ಮೇಡಂ ಅಂದ. ಕಾಕಾ ಬರೆದದ್ದನ್ನು ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ, "ಯಾವ ಪುಟದಾಗ ಖರೆ ಅಂತ ಬರದಾರ?"