ಎಲ್ಲದಕ್ಕೂ ಮೊಬೈಲೇ ಕಾರಣವಾದರೆ ಕಾರ್ನಿಯಾವನ್ನು ನೋಡುವವರು ಯಾರು?

ಕಾಸರಗೋಡಿನ ಪೆರ್ಲದ ಕಡೆಯ ಬಂಧುಗಳ ಮನೆಯಲ್ಲಿ ನಿನ್ನೆ ಪೂಜೆಯ ಊಟಕ್ಕೆ ಕುಳಿತಿದ್ದಾಗ ಎದುರಿನ ಪಂಕ್ತಿಯಲ್ಲಿದ್ದ ಪ್ಲಸ್ ಟು ಹುಡುಗನೊಬ್ಬ ಕನ್ನಡಕವನ್ನು ಹಣೆಗೇರಿಸಿ, ಬೆರಳ ಗೆಣ್ಣಿನಿಂದ ಕಣ್ಣನ್ನು ಒತ್ತಿ ಒತ್ತಿ ಉಜ್ಜಿಕೊಳ್ಳುತ್ತಿದ್ದ. ಒಂದೇ ವರ್ಷದಲ್ಲಿ ಇದು ಮೂರನೆಯ ಕನ್ನಡಕವಂತೆ. "ಹೊತ್ತು ಹೊತ್ತಿಗೂ ಮೊಬೈಲ್ ನೋಡಿದರೆ ಇನ್ನೇನಾಗುತ್ತದೆ" ಎಂದು ಅವನ ತಾಯಿ ಹೇಳಿದ್ದೇ ತಡ, ಬಡಿಸುತ್ತಿದ್ದವರೂ ಸೇರಿ ಇಡೀ ಪಂಕ್ತಿ ತಲೆಯಾಡಿಸಿತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಕೆಡುವ ಕೆರಟೋಕೋನಸ್ ಎಂಬ ರೋಗ ನನಗಿದೆ. ಪಾಯಸ ರುಚಿಸಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಊಟವಾದ ಮೇಲೆ ಅವನ ಹಳೆಯ ಚೀಟಿಗಳನ್ನು ತರಿಸಿ ನೋಡಿದೆ. ಕಣ್ಣಿನ ಅಸಮ ವಕ್ರತೆಯನ್ನು ಸರಿದೂಗಿಸುವ ಸಿಲಿಂಡರ್ ಪವರ್ ಪ್ರತಿಸಲವೂ ಏರಿದೆ, ಅದರ ಕೋನವಾದ ಆಕ್ಸಿಸ್ ಸರಿದಿದೆ, ಎಡಗಣ್ಣಂತೂ ಬಲಗಣ್ಣಿಗಿಂತ ಬಹಳ ಕೆಟ್ಟಿದೆ. ಒಂದು ಕಣ್ಣು ಮುಚ್ಚಿಕೊಂಡರೂ ಚಂದ್ರ ಎರಡು ಮೂರಾಗಿ ಕಾಣುತ್ತಾನೆಯೇ ಎಂದು ಕೇಳಿದ್ದಕ್ಕೆ, "ಎಲ್ಲರಿಗೂ ಹಾಗೆಯೇ ಅಲ್ಲವಾ" ಎಂದು ಮರುಪ್ರಶ್ನೆ ಹಾಕಿದ. ಇಷ್ಟೆಲ್ಲ ಇದ್ದೂ ಅಂಗಡಿಯವರು ಕೊಟ್ಟದ್ದು ಹೊಸ ಗಾಜು, ಜೊತೆಗೊಂದು ಮೊಬೈಲ್ ಉಪದೇಶ. ಇದು ಕೆರಟೋಕೋನಸ್ಸೇ ಎಂದು ತೀರ್ಪು ಕೊಡಲು ನಾನು ವೈದ್ಯನಲ್ಲ. ಆದರೆ ಯಾರಿಗೂ ಸಂಶಯವೇ ಬಾರದಿದ್ದುದು ಹೇಗೆ?

ಕಾರ್ನಿಯಾ ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಉಬ್ಬುವ ಈ ರೋಗವನ್ನು ಬ್ರಿಟಿಷ್ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲಿಯೇ ವಿವರವಾಗಿ ಬರೆದಿಟ್ಟಿದ್ದಾನೆ. ಹೆಚ್ಚಾಗಿ ಹದಿಹರೆಯದಲ್ಲಿ ಕಾಣಿಸಿಕೊಂಡು, ಎಳೆಯ ವಯಸ್ಸಿನಲ್ಲಿ ವೇಗವಾಗಿ ಬೆಳೆದು, ನಲವತ್ತರ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ವಂಶವಾಹಿ, ಅಲರ್ಜಿ, ಎಲ್ಲಕ್ಕಿಂತ ಮಿಗಿಲಾಗಿ ಕಣ್ಣುಜ್ಜುವ ಚಾಳಿ ಇದರ ಜೊತೆಗಾರರು. ಒಣ ಅಡಿಕೆ ಸುಲಿಯುವ ಧೂಳಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಕಣ್ಣು ತುರಿಸಿದರೆ ಕೊಡಬೇಕಾದದ್ದು ಅಲರ್ಜಿಯ ಹನಿಮದ್ದು. ಕೊಡುವುದು ಮಾತ್ರ ಬೈಗಳು.

ಪವರ್ ಬದಲಾದವರಿಗೆಲ್ಲ ದುಬಾರಿ ಪರೀಕ್ಷೆ ಮಾಡಿಸಲಾಗುತ್ತದೆಯೇ ಎಂದು ಒಬ್ಬ ಮಿತ್ರರು ವಾದಿಸಿದರು. ಎಲ್ಲರಿಗೂ ಎಂದು ಹೇಳಿದವರಾರು? ಕಣ್ಣಿನ ಪವರ್ ಅಳೆಯುವವರ ಕೈಯಲ್ಲಿರುವ ರೆಟಿನೋಸ್ಕೋಪಿನ ಬೆಳಕೇ ಇಂಥ ಕಣ್ಣಿನೊಳಗೆ ಕತ್ತರಿಯ ಅಲಗುಗಳ ಹಾಗೆ ಚಲಿಸುತ್ತದೆ, ಅದನ್ನು ಗಮನಿಸಲು ಹೆಚ್ಚಿನ ಖರ್ಚೇನೂ ಇಲ್ಲ. ಹಾಗೆ ಕಂಡವರನ್ನು ಟೊಪೋಗ್ರಫಿ, ಪೆಂಟಾಕ್ಯಾಮ್‌ನಂಥ ಕಾರ್ನಿಯಾ ಸ್ಕ್ಯಾನಿಗೆ ಕಳುಹಿಸಿದರೆ ಕಾರ್ನಿಯಾದ ವಕ್ರತೆಯೂ ದಪ್ಪವೂ ನಕ್ಷೆಯಾಗಿ ಕೈಗೆ ಬರುತ್ತವೆ. ಮದುವೆಯ ಸೀರೆಗೆಂದು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುವ ನಾವು ಇದಕ್ಕೂ ಹೋಗಬಹುದು.

ಅವಸರವೇಕೆಂದರೆ, ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಕಿರಣ ಹಾಯಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ರೋಗವನ್ನು ಇದ್ದಲ್ಲಿ ನಿಲ್ಲಿಸುತ್ತದೆಯೇ ಹೊರತು ಕಳೆದುಹೋದ ದೃಷ್ಟಿಯನ್ನು ಪೂರ್ತಿ ಮರಳಿಸುವುದಿಲ್ಲ. ಮೂಲ ವಿಧಾನದಲ್ಲಿ ಮೇಲ್ಪದರ ತೆಗೆದ ಬಳಿಕವೂ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪ ಉಳಿದಿರಬೇಕು. ಮೊಬೈಲಿಗೆ ಶಾಪ ಹಾಕುತ್ತ ಕಳೆದ ಪ್ರತಿ ವರ್ಷವೂ ಆ ದಪ್ಪದಿಂದಲೇ ಕಡಿತವಾಗಬಹುದು.

ತಡವಾದವರ ಪಾಡು ನನ್ನದು. ಕಣ್ಣಿನ ಬಿಳಿಭಾಗದ ಮೇಲೆ ಕೂರುವ, ಬಟ್ಟಲಿನಂಥ ಸ್ಕ್ಲೀರಲ್ ಲೆನ್ಸಿಗೆ ಸಲೈನ್ ತುಂಬಿ, ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ, ಮುಖವನ್ನು ನೆಲಕ್ಕೆ ಸಮಾನಾಂತರವಾಗಿ ಬಗ್ಗಿಸಿ ಏರಿಸಬೇಕು. ಒಂದು ಗಾಳಿಗುಳ್ಳೆ ಒಳಸೇರಿದರೆ ತೆಗೆದು ಮತ್ತೆ ಮೊದಲಿನಿಂದ. ಅದನ್ನು ಹಾಕುವವರೆಗೆ ಬೆಳಗ್ಗೆ ಮಗಳ ಮುಖವೂ ನನಗೆ ಮಸುಕೇ, ಇದನ್ನು ಅವಳಿಗೆ ಈವರೆಗೆ ಹೇಳಿಲ್ಲ. ಲೆನ್ಸೂ ಒಗ್ಗದೆ, ಕಾರ್ನಿಯಾದಲ್ಲಿ ಕಲೆಗಟ್ಟಿದವರಿಗೆ ಉಳಿಯುವುದು ದಾನಿಯ ಕಾರ್ನಿಯಾ.

"ಲೇಸರ್ ಮಾಡಿಸಿ ಕನ್ನಡಕ ಬಿಸಾಡಿ" ಎನ್ನುವ ಹಿತೈಷಿಗಳಿಗೆ ಒಂದು ಮಾತು: ಲಾಸಿಕ್ ಕಾರ್ನಿಯಾವನ್ನು ಕೊರೆದು ಇನ್ನಷ್ಟು ತೆಳುಮಾಡುತ್ತದೆ, ಆದ್ದರಿಂದಲೇ ಈ ರೋಗವಿದ್ದವರಿಗೆ ಅದು ನಿಷಿದ್ಧ. ಇನ್ನು, ಹೊನಗೊನ್ನೆ ಸೊಪ್ಪಿನ ತಂಬುಳಿ ಕಣ್ಣಿಗೆ ಒಳ್ಳೆಯದೆಂದು ಕೆಳಗೆ ಬರೆಯಲು ಹೊರಟವರು ಬರೆಯಿರಿ. ತಂಬುಳಿ ನನಗೂ ಇಷ್ಟ, ಅನ್ನಕ್ಕೆ.